ಅಪ್‌ಗ್ರೇಡ್ ಕೇಳಿದಾಗ “ಮಾಲೀಕತ್ವ ತೋರಿಸಿ” ಎಂದರೆ: ಅಂಗಡಿ, ಸ್ಟುಡಿಯೊ, ಸಣ್ಣ ಕಚೇರಿಗಳಿಗೆ ಸಮಗ್ರ ಮಾರ್ಗದರ್ಶಿ

ಹಣ ಕೊಟ್ಟು ಕೊಂಡ ಸಾಫ್ಟ್‌ವೇರ್, ವರ್ಷಗಳಿಂದ ಅದರಲ್ಲೇ ಲೆಕ್ಕ. ಹೊಸ ಆವೃತ್ತಿ ಬರುತ್ತದೆ, ಹಳೆಯ ಗ್ರಾಹಕರಿಗೆ ರಿಯಾಯಿತಿ ಎಂಬ ಮೇಲ್ ಬರುತ್ತದೆ. ಕೇಳಲು ಹೋದರೆ ಕಂಪನಿಯ ಉತ್ತರ ಹೀಗಿರುತ್ತದೆ: “ಈ ಲೈಸೆನ್ಸ್ ನಿಮ್ಮ ಹೆಸರಿನಲ್ಲಿಲ್ಲ. ಮಾಲೀಕತ್ವದ ದಾಖಲೆ ಕಳುಹಿಸಿ.” ಶಿರಸಿಯ ಅಡಿಕೆ ದಲಾಲಿ ಅಂಗಡಿ, ಅಂಕೋಲಾ–ಕುಮಟಾದ ಫೋಟೊ ಸ್ಟುಡಿಯೊ, ಕಾರವಾರದ ತೆರಿಗೆ ಸಲಹೆಗಾರರ ಕಚೇರಿ, ಎಲ್ಲ ಕಡೆಯೂ ಕೆಲಸ ಕೆಡುವುದು ಇದೇ ಜಾಗದಲ್ಲಿ.

ಹೀಗೆ ತಿರಸ್ಕೃತರಾದವರಲ್ಲಿ ಹೆಚ್ಚಿನವರ ಬಳಿ ದಾಖಲೆ ಇದ್ದೇ ಇರುತ್ತದೆ. ಆದರೆ ಒಂದು ಕಾಗದದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಮತ್ತೊಂದು. ಇವತ್ತು ಬಿಲ್ಲಿನ ಫೋಟೊ, ವಾರ ಬಿಟ್ಟು ಆಧಾರ್, ಆಮೇಲೆ ಸಿಟ್ಟಿನ ಒಂದು ಮೇಲ್ ಹೋಗುತ್ತದೆ. ಅತ್ತ ಕಡೆ ಪ್ರತಿ ಸಲ ಬೇರೆ ಬೇರೆ ನೌಕರರು ಅದನ್ನು ಓದುತ್ತಾರೆ, ಯಾರಿಗೂ ಪೂರ್ತಿ ಚಿತ್ರ ಸಿಗುವುದಿಲ್ಲ.

ಕಂಪನಿಗೆ ಬೇಕಾದದ್ದು ನಾಲ್ಕು ಕೊಂಡಿಗಳ ಒಂದು ಸರಪಳಿ. ಯಂತ್ರದಲ್ಲಿರುವ ಸೀರಿಯಲ್ ನಂಬರ್, ಅದೇ ನಂಬರಿಗೆ ಸೇರಿದ ಬಿಲ್ಲು, ಆ ಬಿಲ್ಲಿನಲ್ಲಿರುವ ಹೆಸರು, ಆ ಹೆಸರಿಗೂ ಇಂದು ಕೇಳುತ್ತಿರುವ ನಿಮಗೂ ಇರುವ ಸಂಬಂಧ. ಎಲ್ಲಿ ಕೊಂಡಿ ಕಳಚಿದೆ ಎಂದು ನೀವೇ ಮೊದಲು ಕಂಡುಕೊಂಡು, ಅದನ್ನು ಜೋಡಿಸುವ ಕಾಗದವನ್ನೂ ಸೇರಿಸಿ ಎಲ್ಲವನ್ನೂ ಒಂದೇ ಸಲ ಕಳುಹಿಸಬೇಕು. ಕೆಳಗಿನ ಹಂತಗಳನ್ನು ಅದೇ ಅನುಕ್ರಮದಲ್ಲಿ ಮಾಡಿ. ಮೊದಲ ಹಂತ ಬಿಟ್ಟು ಐದನೆಯದಕ್ಕೆ ಹಾರಿದರೆ ಮರಳಿ ಮೊದಲಿಗೇ ಬರಬೇಕಾಗುತ್ತದೆ.

ಕೈಯಲ್ಲಿ ಏನೇನಿರಬೇಕು

ಸಾಫ್ಟ್‌ವೇರ್ ಹಾಕಿದ್ದ ಹಳೆಯ ಕಂಪ್ಯೂಟರ್ ಅಥವಾ ಕನಿಷ್ಠ ಅದರ ಹಾರ್ಡ್ ಡಿಸ್ಕ್. ಆಗ ಬಳಸುತ್ತಿದ್ದ ಇಮೇಲ್ ಮತ್ತು ಮೊಬೈಲ್ ಸಂಖ್ಯೆ. ಜಿಎಸ್‌ಟಿ ಪೋರ್ಟಲ್‌ನ ಲಾಗಿನ್. ಅದು ನಿಮ್ಮ ಲೆಕ್ಕ ಬರೆಯುವವರ ಬಳಿ ಇದ್ದರೆ ಅವರನ್ನು ಜೊತೆಗೆ ಕೂರಿಸಿಕೊಳ್ಳಿ. ಕಾಗದವನ್ನು ಮಟ್ಟಸವಾಗಿ ಇಟ್ಟು ಸ್ಕ್ಯಾನ್ ಮಾಡುವ ಯಂತ್ರ. ಒಂದು ನೋಟ್‌ಬುಕ್. ಯಾವ ದಿನ ಯಾರಿಗೆ ಏನು ಕಳುಹಿಸಿದಿರಿ, ಫೋನಿನಲ್ಲಿ ಯಾರು ಏನು ಹೇಳಿದರು ಎಂದು ಅದರಲ್ಲಿ ಬರೆದಿಡಿ. ಮುಂದೆ ದೂರು ಕೊಡುವ ಪ್ರಸಂಗ ಬಂದರೆ ಇದೇ ಆಧಾರ.

ಹಂತ 1: ಹಳೆಯ ಯಂತ್ರವನ್ನು ಫಾರ್ಮ್ಯಾಟ್ ಮಾಡಬೇಡಿ, ಸಾಫ್ಟ್‌ವೇರ್ ತೆಗೆಯಬೇಡಿ

ಎಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ಇಲ್ಲಿ. ಅಪ್‌ಗ್ರೇಡ್ ಬರುತ್ತದೆ ಎಂಬ ಉತ್ಸಾಹದಲ್ಲಿ ಹಳೆಯದನ್ನು ಅಳಿಸಿಬಿಡುತ್ತಾರೆ. ಅಳಿಸಿದ ಮೇಲೆ ಸೀರಿಯಲ್ ನಂಬರ್ ನೋಡಲು ಸಾಫ್ಟ್‌ವೇರ್ ತೆರೆಯುವುದಿಲ್ಲ.

ಮೊದಲು ‘ಅಬೌಟ್’ ಪರದೆಯ ಚಿತ್ರ ತೆಗೆದುಕೊಳ್ಳಿ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಇದು ‘ಹೆಲ್ಪ್’ ಪಟ್ಟಿಯ ಕೆಳತುದಿಯಲ್ಲಿರುತ್ತದೆ. ಟ್ಯಾಲಿಪ್ರೈಮ್‌ನಲ್ಲಿ ಎಫ್1 ಒತ್ತಿ ‘ಅಬೌಟ್’ ಆರಿಸಿದರೆ ಒಂಬತ್ತು ಅಂಕಿಯ ಸೀರಿಯಲ್ ನಂಬರ್, ಆವೃತ್ತಿ ಮತ್ತು ಲೈಸೆನ್ಸ್‌ನ ವಿವರ ಕಾಣುತ್ತವೆ. ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’, ಅದರೊಳಗೆ ‘ಸಿಸ್ಟಮ್’, ಅದರೊಳಗೆ ‘ಆಕ್ಟಿವೇಶನ್’. ಚಿತ್ರ ತೆಗೆದ ಮೇಲೆ ನಂಬರನ್ನು ಕೈಯಿಂದಲೂ ಬರೆದಿಡಿ. ಸೊನ್ನೆ ಮತ್ತು ಇಂಗ್ಲಿಷಿನ ಓ, ಎಂಟು ಮತ್ತು ಬಿ, ಒಂದು ಮತ್ತು ಐ ಅದಲುಬದಲಾಗುವುದು ಬಹಳ. ಬರೆದದ್ದನ್ನು ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಿಡಿಲಿನ ಕಾಟ ಬೇರೆ ಇದೆ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಮದರ್‌ಬೋರ್ಡ್ ಸುಟ್ಟುಹೋಗುವುದು ಸಿದ್ದಾಪುರ, ಯಲ್ಲಾಪುರ, ಶಿರಸಿಯ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಬಹಳಷ್ಟು ಲೈಸೆನ್ಸ್‌ಗಳು ಯಂತ್ರದ ಗುರುತಿಗೆ ಕಟ್ಟಿಕೊಂಡಿರುತ್ತವೆ. ಬೋರ್ಡ್ ಬದಲಾದರೆ ಸಾಫ್ಟ್‌ವೇರ್ ಅದನ್ನು ಬೇರೆ ಕಂಪ್ಯೂಟರ್ ಎಂದೇ ತಿಳಿಯುತ್ತದೆ. ಯಂತ್ರವನ್ನು ದುರಸ್ತಿಗೆ ಕೊಡುವಾಗ “ಹಾರ್ಡ್ ಡಿಸ್ಕ್ ಅಳಿಸಬಾರದು” ಎಂದು ರಸೀದಿಯ ಮೇಲೆಯೇ ಬರೆಸಿ. ದುರಸ್ತಿ ಮುಗಿದ ಮೇಲೆ ಯಾವ ಭಾಗ ತೆಗೆದರು, ಯಾವುದು ಹಾಕಿದರು ಎಂಬ ಜಾಬ್ ಶೀಟ್ ಕೇಳಿ ಪಡೆಯಿರಿ. “ಇದೇ ಯಂತ್ರ, ಬೋರ್ಡ್ ಮಾತ್ರ ಬದಲಾಗಿದೆ” ಎಂದು ಹೇಳಲು ಆ ಒಂದು ಹಾಳೆ ಬಹಳ ಕೆಲಸಕ್ಕೆ ಬರುತ್ತದೆ.

ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ನಡೆಯುವ ಚಿಕ್ಕ ಸಾಧನ) ಇರುವ ಸಾಫ್ಟ್‌ವೇರ್ ಆದರೆ, ಶ್ರೀಲಿಪಿಯಂತಹ ಕನ್ನಡ ಅಕ್ಷರಗಳ ತಂತ್ರಾಂಶ ಇಟ್ಟುಕೊಂಡ ಮುದ್ರಣಾಲಯದವರಿಗೆ ಇದು ಗೊತ್ತು, ಡಾಂಗಲ್‌ನ ಎರಡೂ ಬದಿಯ ಚಿತ್ರ ತೆಗೆಯಿರಿ. ಕಾರವಾರ, ಹೊನ್ನಾವರದ ಉಪ್ಪುಗಾಳಿಗೆ ಅದರ ಲೋಹದ ತುದಿಗೆ ಕಿಲುಬು ಹಿಡಿದು ಕೆಲಸ ನಿಂತಿರಬಹುದು. ಕೆಟ್ಟಿದೆ ಎಂದು ಎಸೆಯಬೇಡಿ. ಬದಲಿ ಕೊಡುವವರು ಸಾಮಾನ್ಯವಾಗಿ ಮೊದಲು ಕೇಳುವುದು ಆ ಕೆಟ್ಟ ಡಾಂಗಲನ್ನೇ.

ಹಂತ 2: ನಿಮಗೆ ಅಪ್‌ಗ್ರೇಡ್‌ನ ಹಕ್ಕು ಇದೆಯೇ ಎಂದು ನೋಡಿ

ಮಾಲೀಕತ್ವ ಸಾಬೀತಾದರೂ ಅಪ್‌ಗ್ರೇಡ್ ಸಿಗದ ಲೈಸೆನ್ಸ್‌ಗಳಿವೆ. ಹೋರಾಡುವ ಮೊದಲು ಇದನ್ನು ತಿಳಿದುಕೊಂಡರೆ ತಿಂಗಳುಗಳು ಉಳಿಯುತ್ತವೆ.

ಕಂಪ್ಯೂಟರ್ ಕೊಂಡಾಗ ಜೊತೆಗೇ ಬಂದ ವಿಂಡೋಸ್ ಆ ಯಂತ್ರಕ್ಕೇ ಸೇರಿದ್ದು. ಯಂತ್ರ ಹೋದರೆ ಅದೂ ಹೋಯಿತು, ಇನ್ನೊಂದಕ್ಕೆ ಒಯ್ಯುವಂತಿಲ್ಲ. ಬಿಡಿಯಾಗಿ ಕೊಂಡ ಚಿಲ್ಲರೆ ಲೈಸೆನ್ಸನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಬಹುದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಲ್ಲಿಂದ 11ಕ್ಕೆ ಹೋಗುವವರಿಗೆ ಅಡ್ಡಿಯಾಗುವುದು ಹೆಚ್ಚಾಗಿ ಬಿಲ್ಲಲ್ಲ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರ. ಅಂಥವರು ಬಿಲ್ಲು ಹುಡುಕುತ್ತ ಕೂತು ಪ್ರಯೋಜನವಿಲ್ಲ.

ಸ್ಟುಡಿಯೊದವರಿಗೆ ಒಂದು ಮಾತು. ಫೋಟೊಶಾಪ್ ಒಳಗೊಂಡ ಅಡೋಬಿಯ ಸಿಎಸ್6 ಬಂದದ್ದು 2012ರಲ್ಲಿ. 2013ರಿಂದ ಆ ಕಂಪನಿ ಚಂದಾ ಪದ್ಧತಿಗೆ ಹೊರಳಿತು. ನಿಮ್ಮ 24 ಅಂಕಿಯ ಸೀರಿಯಲ್ ನಂಬರ್, ಬಿಲ್ಲು ಎಲ್ಲ ಸರಿಯಿದ್ದರೂ ಅದರಿಂದ ಇಂದಿನ ಫೋಟೊಶಾಪ್ ಸಿಗುವುದಿಲ್ಲ, ಹೊಸದಾಗಿ ಚಂದಾ ಕಟ್ಟಬೇಕು. ನಿಮ್ಮ ಪ್ರಯತ್ನವನ್ನು ಆಲ್ಬಂ ವಿನ್ಯಾಸದ ಸಾಫ್ಟ್‌ವೇರ್‌ನಂತಹ, ಅಪ್‌ಗ್ರೇಡ್ ಇನ್ನೂ ಕೊಡುವ ಕಂಪನಿಗಳ ಕಡೆಗೆ ಉಳಿಸಿಕೊಳ್ಳಿ.

ಇನ್ನು ಕೆಲವದರಲ್ಲಿ ಲೈಸೆನ್ಸ್ ಶಾಶ್ವತ, ಆದರೆ ಹೊಸ ಆವೃತ್ತಿ ಸಿಗಬೇಕಾದರೆ ವಾರ್ಷಿಕ ಸೇವಾ ಶುಲ್ಕ ಚಾಲ್ತಿಯಲ್ಲಿರಬೇಕು. 2020ರ ನವೆಂಬರ್‌ನಲ್ಲಿ ಟ್ಯಾಲಿಪ್ರೈಮ್ ಬಂದಾಗ ಸೇವಾ ಅವಧಿ ಚಾಲ್ತಿಯಲ್ಲಿದ್ದ ಹಳೆಯ ಗ್ರಾಹಕರಿಗೆ ಅದು ಬೇರೆ ಹಣವಿಲ್ಲದೆ ದೊರೆಯಿತು. ಅವಧಿ ಮುಗಿದವರು ಮೊದಲು ನವೀಕರಿಸಬೇಕಾಗಿತ್ತು. ನಿಮಗೆ ಬಂದ ನಿರಾಕರಣೆ “ಅವಧಿ ಮುಗಿದಿದೆ” ಎಂದಿದೆಯೋ “ಹೆಸರು ತಾಳೆಯಾಗುತ್ತಿಲ್ಲ” ಎಂದಿದೆಯೋ ಎಂದು ಮೇಲನ್ನು ನಿಧಾನವಾಗಿ ಓದಿ. ಎರಡಕ್ಕೂ ಮದ್ದು ಬೇರೆ.

ಹಂತ 3: ಬಿಲ್ಲು ಹುಡುಕಿ, ಸಿಗದಿದ್ದರೆ ಮರಳಿ ಕಟ್ಟಿ

ಮೂಲ ಬಿಲ್ಲು ಸಿಕ್ಕರೆ ಅದರಲ್ಲಿ ಮಾರಿದವರ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ದಿನಾಂಕ, ನಿಮ್ಮ ಹೆಸರು, ಸಾಫ್ಟ್‌ವೇರ್‌ನ ಪೂರ್ಣ ಹೆಸರು ಇವೆಯೇ ನೋಡಿ. “ಕಂಪ್ಯೂಟರ್ ಸಾಮಗ್ರಿ, ಒಂದು ಸೆಟ್” ಎಂದಷ್ಟೇ ಬರೆದ ಬಿಲ್ಲು ನಮ್ಮ ಕಡೆ ಬಹಳ. ಅಂಥದ್ದಿದ್ದರೆ ಮಾರಿದವರಿಂದ, ಆ ಬಿಲ್ಲಿನಲ್ಲಿ ಇಂಥ ಸಾಫ್ಟ್‌ವೇರ್ ಇಂಥ ಸೀರಿಯಲ್ ನಂಬರಿನದು ಸೇರಿತ್ತು ಎಂದು ಅವರ ಲೆಟರ್‌ಹೆಡ್‌ನಲ್ಲಿ ಸಹಿ–ಮೊಹರಿನೊಂದಿಗೆ ಒಂದು ಪತ್ರ ಬರೆಸಿಕೊಳ್ಳಿ.

ಥರ್ಮಲ್ ಕಾಗದದ ಬಿಲ್ಲಿನ ವಿಷಯದಲ್ಲಿ ಎಚ್ಚರ ಬೇಕು. ಕರಾವಳಿಯ ಸೆಕೆಗೆ ಅದರ ಅಕ್ಷರ ಮಾಸುತ್ತದೆ. ಉಳಿಸಿಕೊಳ್ಳುವ ಆಸೆಯಿಂದ ಲ್ಯಾಮಿನೇಷನ್ ಮಾಡಿಸಿದಿರೋ, ಆ ಬಿಸಿಗೆ ಇಡೀ ಕಾಗದ ಕಪ್ಪಾಗಿ ಒಂದಕ್ಷರವೂ ಉಳಿಯುವುದಿಲ್ಲ. ಮೃದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೂ ಬಣ್ಣ ಹೋಗುತ್ತದೆ. ಮಾಸಿದ ಬಿಲ್ಲನ್ನು ಯಂತ್ರದಲ್ಲಿ ಬೂದುಬಣ್ಣದ ಆಯ್ಕೆ ಇಟ್ಟು ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ, ಆ ಪ್ರತಿಯ ಕಾಂಟ್ರಾಸ್ಟ್ ಏರಿಸಿ. ಕಣ್ಣಿಗೆ ಖಾಲಿ ಕಂಡ ಕಾಗದದಲ್ಲೂ ಬಿಲ್ ಸಂಖ್ಯೆ, ದಿನಾಂಕ ಎಷ್ಟೋ ಸಲ ಎದ್ದು ಬರುತ್ತವೆ. ಮೂಲ ಸ್ಕ್ಯಾನನ್ನೂ ತಿದ್ದಿದ ಪ್ರತಿಯನ್ನೂ ಎರಡನ್ನೂ ಕಳುಹಿಸಿ, ತಿದ್ದಿದ್ದು ಬೆಳಕು–ನೆರಳು ಮಾತ್ರ ಎಂದು ಬರೆಯಿರಿ. ಮಾಸಿದ ಅಕ್ಷರದ ಮೇಲೆ ಪೆನ್ನು ಆಡಿಸಲೇಬೇಡಿ. ನಿಜವಾದ ಬಿಲ್ಲೂ ಆಗ ಖೋಟಾ ಎನಿಸಿಕೊಳ್ಳುತ್ತದೆ.

ಬಿಲ್ಲೇ ಇಲ್ಲದಿದ್ದರೆ ಈ ದಾರಿ ಹಿಡಿಯಿರಿ.

ಮೊದಲನೆಯದು ಜಿಎಸ್‌ಟಿ ಪೋರ್ಟಲ್. ಇದನ್ನು ಬಳಸಬಹುದೆಂಬುದು ಬಹಳ ಮಂದಿಗೆ ಹೊಳೆಯುವುದೇ ಇಲ್ಲ. 2017ರ ಜುಲೈ ನಂತರ ಕೊಂಡಿದ್ದು, ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸಿದ್ದರೆ, ಮಾರಿದವರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ಲನ್ನು ತೋರಿಸಿರಬೇಕು. ಅದು ನಿಮ್ಮ ಜಿಎಸ್‌ಟಿಆರ್-2ಎ ಪಟ್ಟಿಯಲ್ಲಿ, 2020ರ ನಂತರದ್ದಾದರೆ 2ಬಿ ಪಟ್ಟಿಯಲ್ಲೂ, ಬಂದು ಕೂತಿರುತ್ತದೆ. ಪೋರ್ಟಲ್‌ನ ರಿಟರ್ನ್ಸ್ ಡ್ಯಾಶ್‌ಬೋರ್ಡ್‌ನಲ್ಲಿ ಆ ಆರ್ಥಿಕ ವರ್ಷ ಮತ್ತು ತಿಂಗಳು ಆರಿಸಿ ತೆರೆದರೆ ಮಾರಿದವರ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ದಿನಾಂಕ, ಮೊತ್ತ, ತೆರಿಗೆ ಎಲ್ಲ ಸಿಗುತ್ತವೆ. ಸಾಫ್ಟ್‌ವೇರ್‌ಗೆ ತೆರಿಗೆ ಶೇ. 18 ಎಂಬುದನ್ನು ನೆನಪಿಟ್ಟು ಹುಡುಕಿದರೆ ಸಾಲು ಬೇಗ ಕಣ್ಣಿಗೆ ಬೀಳುತ್ತದೆ. ಎಲ್ಲಿ ಕೊಂಡಿದ್ದು ಎಂದು ಮರೆತಿದ್ದರೆ ಸಂಖ್ಯೆಯ ಮೊದಲ ಎರಡು ಅಂಕಿ ನೋಡಿ: 29 ಕರ್ನಾಟಕ, 30 ಗೋವಾ. ಹುಬ್ಬಳ್ಳಿಯಲ್ಲೋ ಮಡಗಾಂವದಲ್ಲೋ ಎಂಬ ಕಾರವಾರದವರ ಗೊಂದಲ ಅಲ್ಲಿಗೇ ತೀರುತ್ತದೆ. ತೀರ ಹಳೆಯ ವರ್ಷಗಳ ಮಾಹಿತಿ ಪೋರ್ಟಲ್‌ನಲ್ಲಿ ಎಂದೆಂದಿಗೂ ಇರುತ್ತದೆಂದು ನೆಚ್ಚಬೇಡಿ, ಇಂದೇ ಇಳಿಸಿಕೊಳ್ಳಿ.

ಎರಡನೆಯದು ಮಾರಿದ ಅಂಗಡಿ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಬಿಲ್ ಸಂಖ್ಯೆ, ದಿನಾಂಕ ಹೇಳಿ ಕೇಳಿದರೆ ನಕಲು ತೆಗೆದುಕೊಡಲು ಅವರಿಗೂ ಸುಲಭ. “ಯಾವಾಗಲೋ ಒಂದು ಸಾಫ್ಟ್‌ವೇರ್ ಒಯ್ದಿದ್ದೆ” ಎಂದು ಕೇಳಿದರೆ ನಾಳೆ ಬನ್ನಿ ಎನ್ನುತ್ತಾರೆ. ಆದ್ದರಿಂದ ಪೋರ್ಟಲ್ ಮೊದಲು, ಅಂಗಡಿ ಆಮೇಲೆ.

ಮೂರನೆಯದು ಬ್ಯಾಂಕ್. ಚೆಕ್ ಅಥವಾ ಯುಪಿಐನಲ್ಲಿ ಕೊಟ್ಟಿದ್ದರೆ ಆ ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ. ಸಂಬಂಧಪಟ್ಟ ಸಾಲನ್ನು ಬಿಟ್ಟು ಉಳಿದದ್ದನ್ನು ಮುಚ್ಚಿ ಕಳುಹಿಸಿ. ಹಣ ಹೋದದ್ದಕ್ಕೆ ಇದು ಸಾಕ್ಷಿ, ಏನು ಕೊಂಡಿರಿ ಎಂಬುದಕ್ಕಲ್ಲ. ಒಂಟಿಯಾಗಿ ಇದು ಸಾಲದು, 2ಎ ಪಟ್ಟಿಯ ಜೊತೆಗೆ ಇಟ್ಟರೆ ಗಟ್ಟಿ.

ನಾಲ್ಕನೆಯದು ಇಮೇಲ್. ಆರ್ಡರ್ ಮಾಡಿದ ದಿನ ಬಂದ ದೃಢೀಕರಣ, ಆಕ್ಟಿವೇಶನ್ ಕೀ ಬಂದ ಮೇಲ್ ಹುಡುಕಿ. ಸಿಕ್ಕರೆ ಅದರ ಚಿತ್ರ ತೆಗೆದು ಕಳುಹಿಸುವ ಬದಲು ಮೇಲನ್ನೇ ಲಗತ್ತಾಗಿ ಫಾರ್ವರ್ಡ್ ಮಾಡಿ. ಆಗ ಯಾವ ದಿನ, ಎಲ್ಲಿಂದ ಬಂತು ಎಂಬ ತಲೆಬರಹ ಹಾಗೆಯೇ ಉಳಿಯುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಗೂಗಲ್ ಖಾತೆಯನ್ನು ಕಂಪನಿ ಅಳಿಸಬಹುದು. ಮೂಲೆಯಲ್ಲಿ ಬಿದ್ದ ಹಳೆಯ ಖಾತೆ ಇದ್ದರೆ ಈಗಲೇ ಒಮ್ಮೆ ಲಾಗಿನ್ ಆಗಿ.

ಹಂತ 4: ಹೆಸರಿನ ಕೊಂಡಿ ಜೋಡಿಸಿ

ಬಹಳಷ್ಟು ಅರ್ಜಿ ಬೀಳುವುದು ಇಲ್ಲೇ. ಆದ್ದರಿಂದ ಈ ಹಂತಕ್ಕೆ ಸಮಯ ಕೊಡಿ. ಒಂದು ಹಾಳೆಯಲ್ಲಿ ಮೂರು ಹೆಸರುಗಳನ್ನು ಒಂದರ ಕೆಳಗೊಂದು ಬರೆಯಿರಿ: ಕಂಪನಿಯಲ್ಲಿ ನೋಂದಣಿಯಾದ ಹೆಸರು, ಬಿಲ್ಲಿನಲ್ಲಿರುವ ಹೆಸರು, ನಿಮ್ಮ ಇಂದಿನ ದಾಖಲೆಯ ಹೆಸರು. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಗೆರೆ ಎಳೆಯಿರಿ.

*ಮಾರಿದವರ ಇಮೇಲ್‌ನಲ್ಲಿ ನೋಂದಣಿ.* ಹಾಕಿಕೊಡಲು ಬಂದ ಹುಡುಗ ನಿಮ್ಮ ಇಮೇಲ್ ಕೇಳಿದ, ನಿಮಗೆ ಇರಲಿಲ್ಲ, ತನ್ನ ಅಂಗಡಿಯದನ್ನೇ ಹಾಕಿ ಹೋದ. ಕಂಪನಿಯ ಕಡತದಲ್ಲಿ ಇಂದಿಗೂ ಮಾಲೀಕನ ಸ್ಥಾನದಲ್ಲಿ ಇರುವುದು ಆ ಅಂಗಡಿ. ಇಲ್ಲಿ ಕಂಪನಿಯ ಜೊತೆ ವಾದ ಮಾಡಬೇಡಿ. ಮಾರಿದವರಿಂದ, ಈ ಲೈಸೆನ್ಸ್ ಇಂಥವರಿಗೆ ಮಾರಿದ್ದು, ನಮ್ಮ ಇಮೇಲ್ ಅನ್ನು ಅನುಕೂಲಕ್ಕಾಗಿ ಬಳಸಿದ್ದು, ಖಾತೆಯನ್ನು ಇವರ ಇಮೇಲ್‌ಗೆ ವರ್ಗಾಯಿಸಲು ನಮ್ಮ ಒಪ್ಪಿಗೆಯಿದೆ ಎಂಬ ಪತ್ರ ಪಡೆದು, ಅದೇ ನೋಂದಾಯಿತ ಇಮೇಲ್‌ನಿಂದ ಅವರೇ ಕಂಪನಿಗೆ ಕಳುಹಿಸುವಂತೆ ಮಾಡಿ. ಆ ವಿಳಾಸದಿಂದ ಹೋದ ಒಂದು ಮೇಲ್, ನಿಮ್ಮ ವಿಳಾಸದಿಂದ ಹೋದ ಹತ್ತಕ್ಕಿಂತ ಹೆಚ್ಚು ತೂಗುತ್ತದೆ. ಅಂಗಡಿ ಮುಚ್ಚಿದ್ದರೆ ಅವರ ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ನೋಂದಣಿ ರದ್ದಾಗಿದೆ ಎಂದು ತೋರಿಸುವ ಆ ಪುಟವನ್ನು ಮುದ್ರಿಸಿ ಜೊತೆಗಿಡಿ. ಪತ್ರ ಏಕೆ ತರಲಾಗಲಿಲ್ಲ ಎಂಬುದಕ್ಕೆ ಅದು ಉತ್ತರ.

*ಕೆಲಸ ಬಿಟ್ಟ ನೌಕರನ ಇಮೇಲ್.* ಇದೂ ಅಂಥದ್ದೇ. ಆತ ಸಿಕ್ಕರೆ ಆತನಿಂದಲೇ ಮೇಲ್ ಹಾಕಿಸಿ. ಸಿಗದಿದ್ದರೆ ಆತ ನಿಮ್ಮಲ್ಲಿ ದುಡಿದದ್ದಕ್ಕೆ ಸಂಬಳದ ದಾಖಲೆ, ಬಿಲ್ಲು ಸಂಸ್ಥೆಯ ಹೆಸರಿನಲ್ಲಿರುವುದು, ಎರಡನ್ನೂ ಕೊಡಿ. ಆತನ ಪಾಸ್‌ವರ್ಡ್ ನೆನಪಿದೆ ಎಂದು ಆತನ ಖಾತೆಗೆ ನೀವು ನುಗ್ಗಬೇಡಿ. ಅದು ಕಾನೂನಿಗೆ ವಿರುದ್ಧ.

*ತಂದೆಯ ಹೆಸರಿನ ಬಿಲ್ಲು, ಮಗ ಅಥವಾ ಮಗಳು ನಡೆಸುವ ಅಂಗಡಿ.* ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೂರನೆಯದರಿಂದ ಹನ್ನೆರಡನೆಯವರೆಗಿನ ಹತ್ತು ಅಕ್ಷರ ಮಾಲೀಕರ ಪ್ಯಾನ್. ಅಂಗಡಿಯ ಫಲಕ ಅದೇ, ಜಾಗ ಅದೇ ಆದರೂ, ಮಾಲೀಕರು ತೀರಿಕೊಂಡು ಮಕ್ಕಳು ಹೊಸ ನೋಂದಣಿ ಮಾಡಿಸಿದರೆ ಸಂಖ್ಯೆ ಬದಲಾಗುತ್ತದೆ. ಕಂಪನಿಯ ಕಣ್ಣಿಗೆ ಇದು ಸಂಬಂಧವೇ ಇಲ್ಲದ ಎರಡು ವ್ಯಾಪಾರ. ಸೇತುವೆಯಾಗುವ ಕಾಗದಗಳು ಹೀಗಿವೆ: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಮಾಲೀಕರ ಮರಣದ ಕಾರಣಕ್ಕೆ ಎಂದು ನಮೂದಿಸಿ ಮಾಡಿಸಿದ ಹೊಸ ನೋಂದಣಿ, ಹಳೆಯ ತೆರಿಗೆ ಜಮೆಯನ್ನು ವರ್ಗಾಯಿಸಿದ್ದರೆ ಐಟಿಸಿ-02 ನಮೂನೆ. ಕೊನೆಯದರಲ್ಲಿ ಹಳೆಯ ಮತ್ತು ಹೊಸ ಸಂಖ್ಯೆ ಎರಡೂ ಒಂದೇ ಕಡೆ ಇರುವುದರಿಂದ ಅದೊಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಅಣ್ಣ–ತಮ್ಮ, ಅಕ್ಕ–ತಂಗಿಯರಿದ್ದರೆ ಅವರ ಒಪ್ಪಿಗೆ ಪತ್ರವನ್ನು ನೋಟರಿಯ ಮುಂದೆ ಮಾಡಿಸಿಡಿ. ಕೆಲವು ಕಂಪನಿಗಳು ಕೇಳುತ್ತವೆ.

*ವ್ಯಾಪಾರದ ಹೆಸರು ಮಾತ್ರ ಬದಲಾದದ್ದು.* ಇದು ಸುಲಭ. ಪ್ಯಾನ್ ಅದೇ ಇದ್ದರೆ ಹಳೆಯ ಬಿಲ್ಲಿನ ಜಿಎಸ್‌ಟಿ ಸಂಖ್ಯೆ ಮತ್ತು ಇಂದಿನ ನೋಂದಣಿ ಪ್ರಮಾಣಪತ್ರ ಎರಡರಲ್ಲೂ ಅದೇ ಹತ್ತು ಅಕ್ಷರ ಇರುವುದನ್ನು ಗುರುತು ಮಾಡಿ ತೋರಿಸಿ.

*ಇಂಗ್ಲಿಷ್ ಕಾಗುಣಿತ.* ಹೆಗಡೆ, ನಾಯ್ಕ, ಭಟ್ಟ, ಗಣಪತಿ: ಈ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಹೆಗಡೆಯ ನಡುವೆ ಒಂದು ‘ಎ’ ಇದ್ದರೂ ಹೆಗಡೆ, ಇಲ್ಲದಿದ್ದರೂ ಹೆಗಡೆ, ನಮಗೆ. ದೂರದ ಊರಿನಲ್ಲಿ ಕಡತ ನೋಡುವವರಿಗೆ ಅವರು ಇಬ್ಬರು. ಅದರ ಮೇಲೆ ಬಿಲ್ಲಿನಲ್ಲಿ “ಜಿ. ಎಸ್.” ಎಂಬ ಮೊದಲಕ್ಷರ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಸೇರಿಸಿ ಪೂರ್ತಿ ಹೆಸರು. ಎರಡೂ ಒಬ್ಬರದೇ ಹೆಸರು ಎಂದು ನೋಟರಿ ಮಾಡಿಸಿದ ಅಫಿಡವಿಟ್ ಇದಕ್ಕೆ ಸಾಮಾನ್ಯವಾಗಿ ಸಾಕು. ಅದರಲ್ಲಿ ಎರಡೂ ಕಾಗುಣಿತವನ್ನು ದಾಖಲೆಗಳಲ್ಲಿ ಇರುವಂತೆಯೇ, ಒಂದಕ್ಷರವೂ ಆಚೀಚೆ ಆಗದಂತೆ ಬರೆಸಿ. ಅಲ್ಲಿ ಮೂರನೆಯ ಕಾಗುಣಿತ ನುಸುಳಿದರೆ ತೊಡಕು ಇನ್ನೂ ಹೆಚ್ಚುತ್ತದೆ.

*ವಿಳಾಸ.* ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟು ಅಂಗಡಿ ಬದಲಿಸಿದವರ ಬಿಲ್ಲಿನಲ್ಲಿ ಇಂದು ಇಲ್ಲದ ಕಟ್ಟಡದ ವಿಳಾಸ ಇರುತ್ತದೆ. ಜಿಎಸ್‌ಟಿ ನೋಂದಣಿಯಲ್ಲಿ ವಿಳಾಸ ತಿದ್ದುಪಡಿ ಮಾಡಿಸಿದ ಆದೇಶದ ಪ್ರತಿ ಕೊಟ್ಟರೆ ಸಾಕು.

ಹಂತ 5: ಒಂದೇ ಪತ್ರ, ಒಂದೇ ಕಡತ

ಈಗ ಬರೆಯಿರಿ. ಎಲ್ಲ ಕಾಗದಗಳನ್ನು ಒಂದು ಪಿಡಿಎಫ್ ಆಗಿ ಜೋಡಿಸಿ ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಓಡಾಡಿ ಮಸುಕಾದ ಫೋಟೊಗಳು ಬೇಡ. ಕಡತದ ಹೆಸರಿನಲ್ಲಿ ಸೀರಿಯಲ್ ನಂಬರ್ ಇರಲಿ. ಪತ್ರವನ್ನು ಕಂಪನಿಗೆ ಅರ್ಥವಾಗುವ ಭಾಷೆಯಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕಳುಹಿಸಬೇಕಾಗುತ್ತದೆ. ಅದರ ಹುರುಳು ಇಷ್ಟಿದ್ದರೆ ಸಾಕು:

“ನಮ್ಮ ಲೈಸೆನ್ಸ್ ಸೀರಿಯಲ್ ನಂಬರ್ ಇದು (ಪುಟ 1). ಇಂಥ ದಿನಾಂಕದಂದು ಇಂಥ ಮಾರಾಟಗಾರರಿಂದ ಇಂಥ ಬಿಲ್ ಸಂಖ್ಯೆಯಲ್ಲಿ ಕೊಂಡಿದ್ದು (ಪುಟ 2). ಬಿಲ್ಲು ನನ್ನ ತಂದೆಯವರ ಹೆಸರಿನಲ್ಲಿದೆ. ಅವರು ತೀರಿಕೊಂಡ ಮೇಲೆ ವ್ಯಾಪಾರ ನನಗೆ ಬಂದದ್ದಕ್ಕೆ ದಾಖಲೆ ಪುಟ 3ರಿಂದ 6. ನೋಂದಾಯಿತ ಇಮೇಲ್ ಈಗ ಬಳಕೆಯಲ್ಲಿಲ್ಲ. ಎರಡು ಕೋರಿಕೆ: ನೋಂದಣಿಯನ್ನು ಈ ಇಮೇಲ್‌ಗೆ ಬದಲಿಸಿ, ಆಮೇಲೆ ನನಗೆ ಸಲ್ಲುವ ಅಪ್‌ಗ್ರೇಡ್ ಕೊಡಿ. ಇನ್ನೇನಾದರೂ ಬೇಕಿದ್ದರೆ ಎಲ್ಲವನ್ನೂ ಒಂದೇ ಸಲ ತಿಳಿಸಿ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಎರಡು ಕೋರಿಕೆಗಳ ಅನುಕ್ರಮವನ್ನೂ ತಲೆಕೆಳಗು ಮಾಡಬೇಡಿ. ನೋಂದಣಿ ನಿಮ್ಮ ಹೆಸರಿಗೆ ಬರುವ ಮೊದಲೇ ಅಪ್‌ಗ್ರೇಡ್ ಪಡೆದರೆ ಹೊಸ ಕೀ ಹಳೆಯ ಇಮೇಲ್‌ಗೇ ಹೋಗುತ್ತದೆ. ಇಷ್ಟೆಲ್ಲ ಓಡಾಡಿ ಕೀ ಬೇರೆಯವರ ಪೆಟ್ಟಿಗೆಯಲ್ಲಿ ಬಿದ್ದಿರುವುದು ನಿಜಕ್ಕೂ ಬೇಸರದ ಸಂಗತಿ.

ಗುರುತಿನ ಚೀಟಿ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕಳುಹಿಸಿ. ಅದನ್ನು ಆಧಾರ್ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಪ್ಯಾನ್ ಪ್ರತಿಯ ಮೇಲೆ “ಇಂಥ ಲೈಸೆನ್ಸ್ ವರ್ಗಾವಣೆಗೆ ಮಾತ್ರ” ಎಂದು ಅಡ್ಡಲಾಗಿ ಬರೆದು ದಿನಾಂಕ ಹಾಕಿ.

ಹಂತ 6: ಕಳುಹಿಸಿದ ಮೇಲೆ

ಸಾಮಾನ್ಯವಾಗಿ ಕೂಡಲೇ ಒಂದು ದೂರು ಸಂಖ್ಯೆ ಬರುತ್ತದೆ. ಮುಂದಿನ ಎಲ್ಲ ಮಾತೂ ಅದೇ ಸಂಖ್ಯೆಯ ಮೇಲ್‌ಗೆ ಉತ್ತರವಾಗಿಯೇ ಇರಲಿ. ತಡವಾಯಿತೆಂದು ಹೊಸ ಮೇಲ್ ಬರೆದರೆ ಹೊಸ ಸಂಖ್ಯೆ ಹುಟ್ಟುತ್ತದೆ, ಹಳೆಯ ಕಡತ ಮೂಲೆ ಸೇರುತ್ತದೆ. ಫೋನಿನಲ್ಲಿ ಮಾತಾಡಿದರೆ ಕೂಡಲೇ “ಇಂದು ನೀವು ಹೀಗೆ ತಿಳಿಸಿದಿರಿ” ಎಂದು ಅದೇ ಮೇಲ್‌ನಲ್ಲಿ ಬರೆದು ಹಾಕಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟೂ ನೆಟ್ಟೂ ಇಲ್ಲದ ಊರಿನವರು, “ಇಷ್ಟು ದಿನದಲ್ಲಿ ಉತ್ತರಿಸದಿದ್ದರೆ ದೂರು ಮುಚ್ಚುತ್ತೇವೆ” ಎಂಬ ಸಾಲು ಇದೆಯೇ ನೋಡಿ, ಇದ್ದರೆ ಮೊದಲೇ ಹೆಚ್ಚಿನ ಸಮಯ ಕೇಳಿ.

ಅಪಾಯದ ಸೂಚನೆಗಳು

ಮಾಲೀಕತ್ವದ ತೊಡಕಿನಲ್ಲಿ ಸಿಕ್ಕವರನ್ನೇ ಹುಡುಕುವ ವಂಚಕರಿದ್ದಾರೆ. ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡಬೇಡಿ. ಸಾಫ್ಟ್‌ವೇರ್‌ನ ಒಳಗೆ ಅಥವಾ ಹಳೆಯ ಬಿಲ್ಲಿನಲ್ಲಿ ಇರುವ ವಿಳಾಸವನ್ನೇ ಬಳಸಿ. ಪರಿಶೀಲನೆಗೆ ಎಂದು ನಿಮ್ಮ ಪರದೆಯನ್ನು ದೂರದಿಂದ ನೋಡಿ ನಡೆಸಲು ಬಿಡುವ ಎನಿಡೆಸ್ಕ್‌ನಂತಹ ಆ್ಯಪ್ ಹಾಕಿಸಿಕೊಂಡು, ಅದು ತೆರೆದಿರುವಾಗಲೇ ಬ್ಯಾಂಕ್ ತಾಣ ತೆರೆಯಿರಿ ಎಂದರೆ ಅಲ್ಲಿಗೇ ಸಂಪರ್ಕ ಕಡಿಯಿರಿ. ಒಟಿಪಿ, ಬ್ಯಾಂಕಿನ ಪಾಸ್‌ವರ್ಡ್, ಯುಪಿಐ ಪಿನ್ ಯಾವ ಲೈಸೆನ್ಸ್ ಪರಿಶೀಲನೆಗೂ ಬೇಕಾಗುವುದಿಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನೊಂದು ಬಗೆ: “ಬಿಲ್ಲು ಬೇಡ, ಐದುನೂರು ರೂಪಾಯಿಗೆ ಹೊಸ ಕೀ ಕೊಡುತ್ತೇನೆ” ಎನ್ನುವವರು. ಯಾವುದೋ ಸಂಸ್ಥೆಗೆ ಒಟ್ಟಾಗಿ ಕೊಟ್ಟ ಕೀಯನ್ನು ಹರಿದು ಹಂಚುತ್ತಿರುತ್ತಾರೆ. ಇಂದು ನಡೆಯುತ್ತದೆ, ಕಂಪನಿ ಅದನ್ನು ತಡೆದ ದಿನ ನಿಲ್ಲುತ್ತದೆ. ಅಂಥ ಕೀಯನ್ನು ನಿಮ್ಮ ನಿಜವಾದ ಲೈಸೆನ್ಸ್ ಇರುವ ಯಂತ್ರದ ಮೇಲೆ ಹಾಕಿದರೆ, ಹಂತ 1ರಲ್ಲಿ ಸಂಗ್ರಹಿಸಬೇಕಾದ ಸಾಕ್ಷಿಯೂ ಅಳಿಸಿಹೋಗುತ್ತದೆ. ಹಿಂದಿನ ದಿನಾಂಕ ಹಾಕಿ ಬಿಲ್ಲು ಬರೆದುಕೊಡುತ್ತೇನೆ ಎನ್ನುವವರಿಂದಲೂ ದೂರ ಇರಿ. ಆ ಬಿಲ್ ಸಂಖ್ಯೆ ಜಿಎಸ್‌ಟಿ ಪಟ್ಟಿಯಲ್ಲಿ ಇರುವುದಿಲ್ಲ, ಸಿಕ್ಕಿಬೀಳುವುದು ನೀವು.

ಹಂತ 7: ಎಲ್ಲ ಕೊಟ್ಟ ಮೇಲೂ ‘ಇಲ್ಲ’ ಎಂದರೆ

ಯಾವ ಷರತ್ತಿನ ಮೇರೆಗೆ ನಿರಾಕರಿಸಿದಿರಿ ಎಂದು ಬರಹದಲ್ಲಿ ಕೇಳಿ. ಲೈಸೆನ್ಸ್ ಒಪ್ಪಂದದಲ್ಲಿ ವರ್ಗಾವಣೆಗೆ ಅವಕಾಶವೇ ಇಲ್ಲ ಎಂದಿದ್ದರೆ ಹೋರಾಟ ಕಷ್ಟ. ಹಾಗಿಲ್ಲದೆ ಬರೀ ಸತಾಯಿಸುತ್ತಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕಂಪನಿಗೆ ಅಲ್ಲಿಂದ ಪತ್ರ ಹೋದ ಮೇಲೆ ಎಷ್ಟೋ ಕಡತ ಅಲುಗಾಡುತ್ತವೆ.

ಅದಕ್ಕೂ ಜಗ್ಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಕಂಪನಿಯ ಊರಿಗೆ ಹೋಗಬೇಕಿಲ್ಲ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೂಡಬೇಕು. ಒಂದು ತೊಡಕಿದೆ: ವಾಣಿಜ್ಯ ಉದ್ದೇಶಕ್ಕೆ ಕೊಂಡದ್ದನ್ನು ಕಾಯ್ದೆ ಹೊರಗಿಡುತ್ತದೆ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆ ನಡೆಸುವವರಿಗೆ ವಿನಾಯಿತಿ ಇದೆ. ಒಬ್ಬರೇ ನಡೆಸುವ ಸ್ಟುಡಿಯೊ, ಟೈಪಿಂಗ್ ಅಂಗಡಿಯವರು ದೂರಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಬೇಕು.

ಹಂತ 8: ಒಪ್ಪಿಗೆ ಬಂದ ದಿನ

ಅಪ್‌ಗ್ರೇಡ್ ಒತ್ತುವ ಮೊದಲು ದತ್ತಾಂಶದ ನಕಲನ್ನು ಬೇರೆ ಡಿಸ್ಕ್‌ಗೆ ತೆಗೆದುಕೊಳ್ಳಿ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಲೆಕ್ಕದ ಕಡತ ಹಳೆಯದರಲ್ಲಿ ಮತ್ತೆ ತೆರೆಯದಿರಬಹುದು. ನಂತರ ಹೊಸ ‘ಅಬೌಟ್’ ಪರದೆಯಲ್ಲಿ ನಿಮ್ಮ ಇಮೇಲ್ ಬಂದಿದೆಯೇ ನೋಡಿ. ಬಂದಿಲ್ಲವಾದರೆ ದೂರು ಮುಚ್ಚಲು ಒಪ್ಪಬೇಡಿ. ನೋಂದಣಿಗೆ ನೌಕರರ ಇಮೇಲ್ ಕೊಡದೆ ಅಂಗಡಿಗೆಂದೇ ಒಂದು ಇಮೇಲ್ ಮಾಡಿ ಕೊಡಿ. ನೋಂದಣಿಗೆ ಕೊಟ್ಟ ಮೊಬೈಲ್ ಸಂಖ್ಯೆಯ ಸಿಮ್‌ಗೆ ರೀಚಾರ್ಜ್ ತಪ್ಪಿದರೆ ಸಂಖ್ಯೆ ಬೇರೆಯವರ ಪಾಲಾಗಬಹುದು, ಆಗ ಒಟಿಪಿಯೂ ಅವರಿಗೇ ಹೋಗುತ್ತದೆ. ಬಿಲ್ಲು, ಪರದೆಯ ಚಿತ್ರ, ಕಂಪನಿಯ ಒಪ್ಪಿಗೆ ಮೇಲ್ ಮೂರನ್ನೂ ಮುದ್ರಿಸಿ ಕಾಗದದ ಲಕೋಟೆಯಲ್ಲಿ ಹಾಕಿ, ಜಿಎಸ್‌ಟಿ ಪ್ರಮಾಣಪತ್ರ ಇಡುವ ಕಡತದಲ್ಲೇ ಇಡಿ. ಅದರ ಸ್ಕ್ಯಾನ್ ಪ್ರತಿಯನ್ನು ಮನೆಯಲ್ಲಿ ಇನ್ನೊಬ್ಬರ ಇಮೇಲ್‌ಗೂ ಕಳುಹಿಸಿಡಿ.